ಚೈಲ್ಡ್ ಪ್ರೊಸೆಸ್ ಹಟ ಹಿಡಿದರೆ ಮೊದಲು ಪೇರೆಂಟ್ ನೋಡಿ

ಲಿನಕ್ಸ್‌ನಲ್ಲಿ ಪ್ರೊಸೆಸ್‌ಗಳ (ಓಡುತ್ತಿರುವ ಪ್ರೋಗ್ರಾಂಗಳ) ಪಟ್ಟಿ ತೋರಿಸುವ ಪಿಎಸ್ ಕಮಾಂಡ್ ಕೊಟ್ಟಾಗ ಕೆಲವೊಮ್ಮೆ ‘ಡಿಫಂಕ್ಟ್’ ಎಂಬ ಸಾಲುಗಳು ಸಾಲುಸಾಲಾಗಿ ಕಾಣುತ್ತವೆ. ಇವು ಝಾಂಬಿ ಪ್ರೊಸೆಸ್‌ಗಳು, ಅಂದರೆ ಸತ್ತ ಮೇಲೂ ಪಟ್ಟಿಯಲ್ಲಿ ಉಳಿದವು. ಬಲವಂತವಾಗಿ ನಿಲ್ಲಿಸುವ ಕಿಲ್ ಮೈನಸ್ 9 ಕೊಟ್ಟರೂ ಹೋಗುವುದಿಲ್ಲ. ಆಗಲೇ ಸತ್ತಿರುವುದನ್ನು ಮತ್ತೆ ಕೊಲ್ಲುವುದು ಹೇಗೆ, ಅಲ್ವಾ?

ಸಿ ಪ್ರೋಗ್ರಾಂ ಫೋರ್ಕ್ ಕರೆದಾಗ ಅದರದೇ ನಕಲು ಹುಟ್ಟುತ್ತದೆ. ಅದೇ ಚೈಲ್ಡ್, ಹುಟ್ಟಿಸಿದ್ದು ಪೇರೆಂಟ್. ಚೈಲ್ಡ್ ಮುಗಿದ ಮೇಲೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಅದರ ಮೆಮೊರಿ, ತೆರೆದ ಫೈಲು ಎಲ್ಲವನ್ನೂ ವಾಪಸ್ ಪಡೆಯುತ್ತದೆ. ಆದರೆ ಹೇಗೆ ಮುಗಿಯಿತು ಎಂಬ ವಿವರವನ್ನು ಪೇರೆಂಟ್‌ಗಾಗಿ ಎತ್ತಿಡುತ್ತದೆ. ಪೇರೆಂಟ್ ವೇಟ್ ಕರೆದು ಅದನ್ನು ಓದುವವರೆಗೂ ಆ ಸಾಲು ಅಳಿಯುವುದಿಲ್ಲ. ಪ್ರತಿ ಸಾಲೂ ಒಂದು ಪಿಐಡಿ (ಪ್ರೊಸೆಸ್‌ನ ಗುರುತು ಸಂಖ್ಯೆ) ಹಿಡಿದು ಕೂತಿರುತ್ತದೆ. ಪಿಐಡಿಗಳ ಹಳೆಯ ಡೀಫಾಲ್ಟ್ ಮಿತಿ 32768. ಕನೆಕ್ಷನ್‌ಗೊಂದು ಚೈಲ್ಡ್ ಹುಟ್ಟಿಸಿ ವೇಟ್ ಕರೆಯದ ಸರ್ವರ್‌ನಲ್ಲಿ ಒಂದು ದಿನ ಫೋರ್ಕೇ ಸೋಲುತ್ತದೆ.

ಚೈಲ್ಡ್ ಸತ್ತಾಗ ಪೇರೆಂಟ್‌ಗೆ ಸಿಗ್‌ಚೈಲ್ಡ್ ಎಂಬ ಸಿಗ್ನಲ್ ಬರುತ್ತದೆ. ಅದರ ಹ್ಯಾಂಡ್ಲರ್‌ನಲ್ಲಿ (ಸಿಗ್ನಲ್ ಬಂದಾಗ ಓಡುವ ಫಂಕ್ಷನ್‌ನಲ್ಲಿ) ವೇಟ್‌ನದೇ ಇನ್ನೊಂದು ರೂಪವಾದ ವೇಟ್‌ಪಿಡ್ ಒಮ್ಮೆ ಕರೆದರೆ ಸಾಕು ಎಂದು ಅನೇಕರು ನಂಬುತ್ತಾರೆ. ಸಾಲದು. ಈ ಸಿಗ್ನಲ್‌ಗಳು ಕ್ಯೂ ನಿಲ್ಲುವುದಿಲ್ಲ. ಮೂರು ಚೈಲ್ಡ್‌ಗಳು ಹತ್ತಿರಹತ್ತಿರ ಸತ್ತರೆ ಸಿಗ್ನಲ್ ಒಂದೇ ಬರಬಹುದು. ಆದ್ದರಿಂದ ಕಾಯುತ್ತಾ ನಿಲ್ಲದಂತೆ ಡಬ್ಲ್ಯೂನೋಹ್ಯಾಂಗ್ ಆಯ್ಕೆ ಕೊಟ್ಟು, ಸತ್ತ ಚೈಲ್ಡ್ ಸಿಗುತ್ತಿರುವವರೆಗೂ ಲೂಪ್‌ನಲ್ಲಿ ವೇಟ್‌ಪಿಡ್ ಕರೆಯಬೇಕು. ವಿವರವೇ ಬೇಡವಾದರೆ ಸಿಗ್‌ಚೈಲ್ಡ್ ಅನ್ನು ಇಗ್ನೋರ್ ಮಾಡಿ, ಕರ್ನಲ್ಲೇ ಸಾಲು ಅಳಿಸುತ್ತದೆ. ಕೋಡ್ ನಿಮ್ಮ ಕೈಯಲ್ಲಿಲ್ಲವೇ? ಪೇರೆಂಟ್ ಅನ್ನೇ ನಿಲ್ಲಿಸಿ. ಸಾಮಾನ್ಯವಾಗಿ ಪಿಐಡಿ 1 (ಸಿಸ್ಟಮ್‌ನ ಮೊದಲ ಪ್ರೊಸೆಸ್) ಆ ಝಾಂಬಿಗಳನ್ನು ದತ್ತು ಪಡೆದು ತೆಗೆದುಹಾಕುತ್ತದೆ. ಕಂಟೇನರ್ (ಪ್ರೋಗ್ರಾಂ ಅನ್ನು ಪ್ರತ್ಯೇಕವಾಗಿ ಓಡಿಸುವ ಆವರಣ) ಒಳಗೆ ಮಾತ್ರ ಹುಷಾರು. ಅಲ್ಲಿ ಪಿಐಡಿ 1 ನಿಮ್ಮ ಪ್ರೋಗ್ರಾಮೇ ಆಗಿರಬಹುದು, ಅದು ವೇಟ್ ಕರೆಯದಿದ್ದರೆ ಝಾಂಬಿಗಳು ಉಳಿಯುತ್ತವೆ.

ಇನ್ನೊಂದು ವಿಚಿತ್ರ: ಟರ್ಮಿನಲ್‌ನಲ್ಲಿ ಒಮ್ಮೆ ಕಂಡ ಸಾಲು ಫೈಲಿಗೆ ಕಳಿಸಿದಾಗ ಎರಡು ಸಲ ಬರುತ್ತದೆ. ಫೈಲಿಗೆ ಬರೆಯುವಾಗ ಪ್ರಿಂಟ್‌ಎಫ್ ಅಕ್ಷರಗಳನ್ನು ಬಫರ್‌ನಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ) ಕೂಡಿಡುತ್ತದೆ. ಆಗ ಫೋರ್ಕ್ ಮಾಡಿದರೆ ಬಫರ್ ಕೂಡ ನಕಲಾಗುತ್ತದೆ, ಪೇರೆಂಟ್, ಚೈಲ್ಡ್ ಇಬ್ಬರೂ ಅದನ್ನೇ ಬರೆಯುತ್ತಾರೆ. ಫೋರ್ಕ್‌ಗೆ ಮುಂಚೆ ಬಫರ್ ಖಾಲಿ ಮಾಡುವ ಎಫ್‌ಫ್ಲಶ್ ಕರೆದರೆ ಇದು ನಿಲ್ಲುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಪೈಪ್ (ಒಂದು ಪ್ರೊಸೆಸ್ ಬರೆದದ್ದನ್ನು ಇನ್ನೊಂದು ಓದುವ ಕೊಳವೆ) ಎಂದು ನನ್ನ ಅಭಿಪ್ರಾಯ. ಪೇರೆಂಟ್ ಬರೆದು ಮುಗಿಸಿ ಪೈಪ್ ಮುಚ್ಚಿದೆ, ಆದರೂ ಚೈಲ್ಡ್ ಓದುತ್ತಾ ಸುಮ್ನೆ ಕೂತಿದೆ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ಪೈಪ್‌ನ ಬರೆಯುವ ತುದಿ ಎಲ್ಲಾದರೂ ಒಂದು ಕಡೆ ತೆರೆದಿದ್ದರೂ ಓದುವವನಿಗೆ ‘ಮುಗಿಯಿತು’ ಎಂಬುದು ತಿಳಿಯುವುದಿಲ್ಲ. ಎಷ್ಟೋ ಸಲ ಆ ತುದಿಯ ನಕಲು ಫೋರ್ಕ್‌ನಿಂದ ಬಂದು ಚೈಲ್ಡ್‌ನ ಕೈಯಲ್ಲೇ ಇರುತ್ತದೆ. ಪ್ರೊಸೆಸ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಅನ್ನು, ಚೈಲ್ಡ್‌ಗಳನ್ನೂ ಹಿಂಬಾಲಿಸುವ ಎಫ್ ಆಯ್ಕೆಯೊಂದಿಗೆ ಓಡಿಸಿದರೆ ಚೈಲ್ಡ್ ರೀಡ್‌ನಲ್ಲಿ ನಿಂತಿರುವುದು ಕಾಣುತ್ತದೆ. ಆಮೇಲೆ ಪ್ರಾಕ್ ಡೈರೆಕ್ಟರಿಯಲ್ಲಿ ಆ ಪಿಐಡಿಯ ಎಫ್‌ಡಿ ಪಟ್ಟಿ (ಅದು ತೆರೆದಿಟ್ಟ ಫೈಲು, ಪೈಪ್‌ಗಳ ಪಟ್ಟಿ) ತೆರೆಯಿರಿ. ಒಂದೇ ಪೈಪ್ ಸಂಖ್ಯೆ ಎರಡು ಸಲ ಇದ್ದರೆ, ಅಂದರೆ ಎರಡೂ ತುದಿ ಚೈಲ್ಡ್‌ನ ಬಳಿಯೇ ಇದ್ದರೆ, ಫೋರ್ಕ್ ಆದ ತಕ್ಷಣ ಚೈಲ್ಡ್‌ನ ಭಾಗದಲ್ಲಿ ಬರೆಯುವ ತುದಿಗೆ ಒಂದು ಕ್ಲೋಸ್ ಸೇರಿಸಿ.