ನೀರು ಮೇಲೆ ಬಂತು, ಮೋಟಾರ್ ಯಾಕೆ ಸುಡುತ್ತಿದೆ?

ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿಯ, ಅಂದರೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಸಂಸ್ಕರಿಸಿದ ಕೊಳಚೆ ನೀರು ಬಂದದ್ದು 2018ರಲ್ಲಿ. ಆ ನೀರಿನ ಗುಣಮಟ್ಟದ ವಾದ ಹಾಗಿರಲಿ, ತುಂಬಿದ ಕೆರೆಗಳ ಆಸುಪಾಸಿನ ಬೋರ್‌ವೆಲ್‌ಗಳಲ್ಲಿ ನೀರು ಏರಿದ್ದಂತೂ ನಿಜ. ಒಳಗಿರುವ ಪಂಪು ಮಾತ್ರ ಎಷ್ಟೋ ಕಡೆ ಸಾವಿರ ಅಡಿಯಿಂದ ಎತ್ತಲೆಂದು ತಂದ ಹಳೆಯದೇ.

ಸಬ್‌ಮರ್ಸಿಬಲ್ ಪಂಪಿನಲ್ಲಿ ಸ್ಟೇಜ್‌ಗಳು ಒಂದರ ಮೇಲೊಂದು ಕೂತಿರುತ್ತವೆ; ಒಂದೊಂದರಲ್ಲೂ ನೀರನ್ನು ತಳ್ಳುವ ಒಂದು ಚಕ್ರ, ಅದೇ ಇಂಪೆಲ್ಲರ್. ಸ್ಟೇಜ್ ಹೆಚ್ಚಿದಷ್ಟೂ ನೀರು ಮೇಲಕ್ಕೇರುತ್ತದೆ. ಸಾವಿರ ಅಡಿಗೆ ಜೋಡಿಸಿದ ಪಂಪು ನಾನೂರು ಅಡಿಯಿಂದ ಎತ್ತತೊಡಗಿದರೆ ನೀರು ಧಾರಾಳವಾಗಿ ಬರುತ್ತದೆ. ಆದರೆ ರೇಡಿಯಲ್ ಮಾದರಿಯ (ಇಂಪೆಲ್ಲರ್ ನೀರನ್ನು ಅಂಚಿನ ಕಡೆಗೆ ಎಸೆಯುವ) ಪಂಪಿನಲ್ಲಿ ನೀರು ಹೆಚ್ಚಿದಂತೆ ಮೋಟಾರಿನ ಮೇಲಿನ ಭಾರವೂ ಏರಿ, ಅದು ಎಳೆಯುವ ಕರೆಂಟ್, ಅಂದರೆ ಆಂಪ್ಸ್, ನೇಮ್‌ಪ್ಲೇಟಿನ ಅಂಕಿ ದಾಟುತ್ತದೆ. ಇಂಪೆಲ್ಲರ್‌ಗಳು ಮೇಲಕ್ಕೆ ಒತ್ತಿಕೊಂಡು ವಾಷರ್ ಸವೆಯುತ್ತದೆ. ವೋಲ್ಟೇಜ್ ಕುಸಿದ ದಿನ ವೈಂಡಿಂಗ್ (ಮೋಟಾರಿನೊಳಗಿನ ತಂತಿಸುರುಳಿ) ಸುಟ್ಟು ಹೋಗುತ್ತದೆ, ಬೈಗುಳವೆಲ್ಲ ಲೈನ್‌ಮ್ಯಾನ್‌ಗೆ.

ಸಾಮಾನ್ಯವಾಗಿ ಮಾಡುವ ಉಪಾಯ ಗೇಟ್ ವಾಲ್ವ್ ಅರ್ಧ ಮುಚ್ಚುವುದು. ಆಂಪ್ಸ್ ಸ್ವಲ್ಪ ಇಳಿಯುತ್ತದೆ, ಮೋಟಾರ್ ಉಳಿಯುತ್ತದೆ. ಆದರೆ ಕರೆಂಟ್ ಖರ್ಚು ಮಾಡಿ ಹುಟ್ಟಿಸಿದ ಒತ್ತಡವನ್ನು ವಾಲ್ವಿನಲ್ಲೇ ಕೊಂದಂತಾಯಿತು. ತೀರಾ ಬಿಗಿದರೆ ಮೋಟಾರಿನ ಸುತ್ತ ಹರಿಯುವ ನೀರು ಕಡಿಮೆಯಾಗಿ ಅದು ತಣ್ಣಗಾಗುವುದೂ ನಿಲ್ಲುತ್ತದೆ.

ಮೊದಲು ನೀರಿನ ಮಟ್ಟ ಅಳೆಯಿರಿ, ಅದೂ ಮೋಟಾರ್ ಎರಡು ಗಂಟೆ ಓಡಿದ ಮೇಲೆ. ನಿಂತ ನೀರಿನ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಎರಡು ಎಳೆಯ ವೈರಿನ ತುದಿ ಸುಲಿದು ಒಳಗೆ ಇಳಿಬಿಟ್ಟರೆ ನೀರು ತಾಗಿದೊಡನೆ ಮಲ್ಟಿಮೀಟರ್ ಮುಳ್ಳು ಆಡುತ್ತದೆ. ಒಂದು ಮೋಸವಿದೆ: ಮೇಲಿನ ಬಿರುಕಿನಿಂದ ಸುರಿಯುವ ನೀರು ತಾಗಿದರೂ ಮುಳ್ಳು ಆಡುತ್ತದೆ. ಹಾಗಾಗಿ ಮುಂದಿನ ಸಲ ಮೋಟಾರ್ ಎತ್ತಿದಾಗ ಕಾಲಂ ಪೈಪಿಗೆ (ಪಂಪಿನಿಂದ ನೀರು ಮೇಲೆ ತರುವ ಪೈಪು) ಸಣ್ಣ ಪಿವಿಸಿ ಪೈಪ್ ಕಟ್ಟಿ ಇಳಿಸಿ, ವೈರು ಅದರೊಳಗೇ ಹೋಗಲಿ. ಕೇಬಲ್ಲಿಗೆ ಸಿಕ್ಕಿಕೊಳ್ಳುವ ಭಯವೂ ಇಲ್ಲ.

ಆಮೇಲೆ ಕೃಷಿ ಹೊಂಡದ ಬಾಯಲ್ಲಿ 200 ಲೀಟರ್ ಡ್ರಮ್ ಇಟ್ಟು ತುಂಬುವ ಸಮಯ ನೋಡಿ. 100 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರ್. ನೀರು 400 ಅಡಿಯಲ್ಲಿದೆ, ಹೊಂಡದ ಏರು ಮತ್ತು ಪೈಪಿನ ಘರ್ಷಣೆಗೆ ಇನ್ನು 50 ಅಡಿ ಎನ್ನೋಣ. ಲೀಟರನ್ನು ಅಡಿಯಿಂದ ಗುಣಿಸಿ 335ರಿಂದ ಭಾಗಿಸಿದರೆ ನೀರಿಗೆ ಸಿಕ್ಕ ಕಿಲೋವಾಟ್: ಸುಮಾರು 2.7. ಇತ್ತ 10 ಹೆಚ್‌ಪಿ ಮೋಟಾರ್ 380 ವೋಲ್ಟಿನಲ್ಲಿ 18 ಆಂಪ್ಸ್ ಎಳೆದರೆ, ಮೂರು ಫೇಸ್ ಆದ್ದರಿಂದ 1.73ರಿಂದಲೂ ಗುಣಿಸಿ, ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8 ಹಿಡಿದು, ಸುಮಾರು 9.5 ಕಿಲೋವಾಟ್. ನೂರಕ್ಕೆ 28 ಮಾತ್ರ ನೀರಾಯಿತು. 40 ದಾಟಿದರೆ ಒಳ್ಳೆಯ ಪಂಪು.

ಇದೇ ನೀರಿಗೆ, ಇದೇ ಅಡಿಗೆ ಸರಿಹೊಂದುವ 7.5 ಹೆಚ್‌ಪಿ ಸೆಟ್ ಸಾಕು. ಗಂಟೆಗೆ ಸುಮಾರು 3 ಯೂನಿಟ್ ಉಳಿಯುತ್ತದೆ. ಹಳೆಯ ಪಂಪಿನ ಸ್ಟೇಜ್ ಕಡಿಮೆ ಮಾಡಿಸುವುದೂ ಆಗುತ್ತದೆ, ಆದರೆ ಕಂಪನಿಯ ಕರ್ವ್ (ಎಷ್ಟು ಅಡಿಗೆ ಎಷ್ಟು ನೀರು ಎಂದು ತೋರಿಸುವ ಗೆರೆಚಿತ್ರ) ನೋಡಿ ಮಾಡುವ ಮೆಕ್ಯಾನಿಕ್ ಬೇಕು. ತೆಗೆದ ಸ್ಟೇಜ್‌ಗಳನ್ನು ಗುಜರಿಗೆ ಹಾಕಬೇಡಿ, ನೀರು ಮತ್ತೆ ಇಳಿದರೆ ಬೇಕಾಗಬಹುದು.

10 ಹೆಚ್‌ಪಿವರೆಗೆ ಬಿಲ್ಲೇ ಇಲ್ಲವಲ್ಲ ಎನ್ನುವವರು ರಿವೈಂಡಿಂಗ್ ಖರ್ಚು ಲೆಕ್ಕ ಹಾಕಲಿ. ಒಂದೇ ಟಿ.ಸಿ.ಯಲ್ಲಿ (ಟ್ರಾನ್ಸ್‌ಫಾರ್ಮರ್) ನಾಲ್ಕಾರು ದೊಡ್ಡ ಮೋಟಾರ್ ಎಳೆದರೆ ವೋಲ್ಟೇಜ್ ಬೀಳುವುದು ಎಲ್ಲರಿಗೂ.

ಪಂಪು ಆರಿಸುವಾಗ ಏಪ್ರಿಲ್, ಮೇ ತಿಂಗಳ ಮಟ್ಟವನ್ನೇ ಹಿಡಿಯಿರಿ. ಮಳೆಗಾಲದ ಅಳತೆ ನಂಬಿ ಸ್ಟೇಜ್ ತೀರಾ ಇಳಿಸಿದರೆ ಬೇಸಿಗೆಯಲ್ಲಿ ಮೋಟಾರ್ ತಿರುಗುತ್ತದೆ, ಪೈಪಿನ ತುದಿಗೆ ನೀರು ಬರುವುದಿಲ್ಲ.