ಯುಗಾದಿಗೆ ಈದ ಹಸು ಯಾಕೆ ಹಾಲು ಕಮ್ಮಿ ಕೊಡುತ್ತದೆ?

ಪ್ರಶ್ನೆ: ನಮ್ಮಲ್ಲಿ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳಿವೆ. ದೀಪಾವಳಿಗೆ ಕರು ಹಾಕಿದ್ದು 18 ಲೀಟರ್‌ವರೆಗೆ ಏರಿತ್ತು. ಯುಗಾದಿಗೆ ಈದದ್ದು 12 ದಾಟುತ್ತಿಲ್ಲ. ಫೀಡ್ ಒಂದೇ. ತಳಿಯ ದೋಷವೇ?

ಉತ್ತರ: ಮೊದಲು ಸೂಲು (ಕರು ಹಾಕಿ ಹಾಲು ಕರೆಯುವ ಅವಧಿ) ಎಷ್ಟನೆಯದು ನೋಡಿ. ಚೊಚ್ಚಲು ಹಸು ಮೂರನೇ ಸೂಲಿನದಕ್ಕಿಂತ ಕಮ್ಮಿಯೇ ಕರೆಯುತ್ತದೆ. ಸೂಲು ಒಂದೇ ಆಗಿದ್ದರೆ ಈ ವ್ಯತ್ಯಾಸಕ್ಕೆ ಹೆಚ್ಚಿನ ಪಾಲು ಕಾರಣ ಈದ ತಿಂಗಳು.

ಈದ ಆರರಿಂದ ಎಂಟು ವಾರಕ್ಕೆ ಹಾಲು ತುತ್ತತುದಿ ಮುಟ್ಟುತ್ತದೆ, ಆಮೇಲೆ ಇಳಿಕೆಯೇ. ಆ ವಾರಗಳು ಏಪ್ರಿಲ್–ಮೇ ಬಿಸಿಲಿಗೆ ಸಿಕ್ಕರೆ ಹಸು ಏರುವುದೇ ಇಲ್ಲ. ಮಳೆ ಬಿದ್ದ ಮೇಲೂ ನಷ್ಟ ಪೂರ್ತಿ ತುಂಬುವುದಿಲ್ಲ. ತುದಿಯಲ್ಲಿ ಒಂದು ಲೀಟರ್ ತಪ್ಪಿದರೆ ಇಡೀ ಸೂಲಿನಲ್ಲಿ ಸುಮಾರು 200 ಲೀಟರ್ ಹೋದಂತೆ.

ಎಚ್‌ಎಫ್ ತಂಪು ಸೀಮೆಯ ದೊಡ್ಡ ಮೈಯ ತಳಿ. ಮೇವು ಹೊಟ್ಟೆಯಲ್ಲಿ ಹುದುಗುವಾಗಲೂ ಶಾಖ ಹುಟ್ಟುತ್ತದೆ, ಹಾಗಾಗಿ ಸೆಕೆಯಲ್ಲಿ ಹಸು ಮೇವನ್ನೇ ಬಿಡುತ್ತದೆ. ಒಣಮೇವು ಕಮ್ಮಿಯಾಯಿತೆಂದರೆ ಡೇರಿಯಲ್ಲಿ ಫ್ಯಾಟೂ ಇಳಿಯುತ್ತದೆ. ಜರ್ಸಿ ಮಿಶ್ರತಳಿ ಇನ್ನಷ್ಟು ತಾಳುತ್ತದೆ. ಹಳ್ಳಿಕಾರ್, ಮಲೆನಾಡು ಗಿಡ್ಡಕ್ಕೆ ಬಿಸಿಲು ಅಷ್ಟು ತಟ್ಟುವುದಿಲ್ಲ, ಆದರೆ ಅವುಗಳ ಹಾಲೇ ಕೆಲವು ಲೀಟರ್.

ಮಧ್ಯಾಹ್ನ ಎರಡು ಗಂಟೆಗೆ ಹಸುವಿನ ಪಕ್ಕೆ ಏರಿಳಿಯುವುದನ್ನು ಒಂದು ನಿಮಿಷ ಎಣಿಸಿ. 60 ದಾಟಿ, ಬಾಯಿಂದ ಜೊಲ್ಲು ಸುರಿಯುತ್ತಿದ್ದರೆ ಸೆಕೆ ಹಿಡಿದಿದೆ. ಮೈಗೆ ನೀರು ಹೊಯ್ದು ಫ್ಯಾನ್ ಹಾಕಿ. ಗಾಳಿಯಾಡದ ತಗಡಿನ ಕೊಟ್ಟಿಗೆಯಲ್ಲಿ ಬರೀ ನೀರು ಚಿಮುಕಿಸಿದರೆ ಹಬೆ ತುಂಬಿ ಇನ್ನೂ ಕೆಡುತ್ತದೆ; ಇಲ್ಲೇ ಹೆಚ್ಚಿನವರು ಎಡವುವುದು. ಮೇವಿನ ದೊಡ್ಡ ಪಾಲು ರಾತ್ರಿ ಮತ್ತು ನಸುಕಿನಲ್ಲಿ ಕೊಡಿ. ತಣ್ಣೀರು ದಿನವಿಡೀ ಬಾಯಿಗೆಟುಕುವಂತಿರಲಿ, 80ರಿಂದ 100 ಲೀಟರ್ ಬೇಕಾಗುತ್ತದೆ.

ಹಾಗಾದರೆ ಜೂನ್‌ನಲ್ಲಿ ಈಯಿಸಿದರೆ ಸರಿಹೋದೀತೇ? ಪೂರ್ತಿ ಇಲ್ಲ. ಗಬ್ಬದ ಕೊನೆಗೆ ಹಾಲು ಬತ್ತಿಸಿದ ಎರಡು ತಿಂಗಳಲ್ಲಿ ಕೆಚ್ಚಲು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಅದೂ ಬಿಸಿಲಿಗೆ ಬಿದ್ದರೆ ಮುಂದಿನ ಸೂಲಿನ ಹಾಲು ಕಮ್ಮಿ. ಗಬ್ಬದ ಹಸುವನ್ನು ಬಯಲಲ್ಲಿ ಕಟ್ಟುವುದು ಅದಕ್ಕೇ ತಪ್ಪು.

ಬಯಲುಸೀಮೆಯಲ್ಲಿ ಈಯಲು ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳ್ಳೆಯ ಕಾಲ. ಗಬ್ಬ ಸುಮಾರು 280 ದಿನ. ಜನವರಿ ಮೊದಲ ವಾರ ಸೆಮೆನ್ ಕೊಡಿಸಿದರೆ ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ಕರು. ಇನ್ನೂ ಈಯದ ಕಡಸುಗಳಿಗೆ ಈ ಲೆಕ್ಕ ಹಾಕುವುದು ಸುಲಭ. ಕರೆಯುವ ಹಸು ಜುಲೈನಲ್ಲಿ ಬೆದೆಗೆ ಬಂದರೆ ಐದಾರು ತಿಂಗಳು ಖಾಲಿ ಬಿಡಬೇಡಿ, ಆ ನಷ್ಟವೇ ದೊಡ್ಡದು. ಸೆಮೆನ್ ಕೊಡಿಸಿ, ಏಪ್ರಿಲ್‌ಗೆ ಮುಂಚೆ ನೆರಳು, ಫ್ಯಾನ್ ಸಿದ್ಧಮಾಡಿಕೊಳ್ಳಿ.