ಕೊನೆಯ ಶತ್ರು ಬಿದ್ದ ಮೇಲೆ

ಹಂತಕಿಯರ ಕಥೆಯಿರುವ ಆಕ್ಷನ್ ಸಿನಿಮಾಗಳು ನನಗೆ ತುಂಬಾ ಇಷ್ಟ. ಆದರೆ ನಾನು ಕಾಯುವುದು ಕತ್ತಿವರಸೆಗಲ್ಲ. ಕೊನೆಯ ಶತ್ರು ನೆಲಕ್ಕೆ ಬಿದ್ದ ಮೇಲೆ ಕ್ಯಾಮೆರಾ ನಾಯಕಿಯ ಮುಖದ ಹತ್ತಿರ ಬರುತ್ತದಲ್ಲ, ಆ ಗಳಿಗೆಗೆ. ಆ ಮುಖದಲ್ಲಿ ಏನಿರುತ್ತದೆ?

‘ಕಿಲ್ ಬಿಲ್’ ನೋಡಿದವರಿಗೆ ನೆನಪಿರಬಹುದು. ಉಮಾ ಥರ್ಮನ್ ಪಾತ್ರ ಎರಡು ಸಿನಿಮಾಗಳ ಉದ್ದಕ್ಕೂ ತನ್ನ ಶತ್ರುಗಳ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಹುಡುಕಿಕೊಂಡು ಹೋಗುತ್ತದೆ. 2004ರಲ್ಲಿ ಬಂದ ಎರಡನೇ ಭಾಗದ ಕೊನೆಯಲ್ಲಿ, ಎಲ್ಲ ಮುಗಿದ ಮೇಲೆ, ಅವಳು ಬಚ್ಚಲುಮನೆಯ ನೆಲದ ಮೇಲೆ ಮಲಗಿ ಗೊಂಬೆಯೊಂದನ್ನು ತಬ್ಬಿಕೊಂಡು ಅಳುತ್ತಾಳೆ. ಅಳುತ್ತಲೇ ನಗುತ್ತಾಳೆ. ಸತ್ತೇಹೋಯಿತು ಅಂದುಕೊಂಡಿದ್ದ ಮಗು ಪಕ್ಕದ ಕೋಣೆಯಲ್ಲಿದೆ. ಆ ನಗು ಮಗಳು ಸಿಕ್ಕಿದ್ದಕ್ಕೆ, ಸೇಡು ತೀರಿದ್ದಕ್ಕಲ್ಲ ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

‘ತೀರುವುದು’ ಅನ್ನುವ ಮಾತನ್ನೇ ನೋಡಿ. ಸಾಲ ತೀರುತ್ತದೆ, ಬಾಯಾರಿಕೆ ತೀರುತ್ತದೆ. ಸೇಡಿಗೂ ನಾವು ಅದೇ ಮಾತು ಬಳಸುತ್ತೇವೆ. ಕೊಟ್ಟುಬಿಟ್ಟರೆ ಲೆಕ್ಕ ಚುಕ್ತಾ, ಕುಡಿದರೆ ದಾಹ ಹೋಯಿತು ಅನ್ನುವ ನಂಬಿಕೆ ಅದರಲ್ಲಿದೆ. ಮನಸ್ಸು ನಿಜವಾಗಿ ಹಾಗೆ ನಡೆದುಕೊಳ್ಳುತ್ತದಾ ಎಂದು ವಿಜ್ಞಾನಿಗಳು ಪರೀಕ್ಷೆ ಮಾಡಿ ನೋಡಿದ್ದಾರೆ.

2004ರಲ್ಲೇ ಜ್ಯೂರಿಕ್ ವಿಶ್ವವಿದ್ಯಾಲಯದ ತಂಡವೊಂದು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅದು ಹಣದ ಆಟ. ನೀವು ನಂಬಿ ಹಣ ಕೊಡುತ್ತೀರಿ, ಎದುರಿನವನು ಮೋಸ ಮಾಡಿ ಪೂರ್ತಿ ಇಟ್ಟುಕೊಳ್ಳುತ್ತಾನೆ. ಈಗ ಅವನಿಗೆ ದಂಡ ಹಾಕುವ ಅವಕಾಶ ನಿಮ್ಮದು. ಹಾಕಬೇಕೋ ಬೇಡವೋ ಎಂದು ಯೋಚಿಸುವಾಗ ಮಿದುಳನ್ನು ಸ್ಕ್ಯಾನ್ ಮಾಡಿದರು. ಮಿದುಳಿನ ಆಳದಲ್ಲಿರುವ ಸ್ಟ್ರೈಯೇಟಮ್ ಅನ್ನುವ ಭಾಗ ಚುರುಕಾಗಿತ್ತು. ಬಹುಮಾನ ಸಿಗುತ್ತದೆ ಅನ್ನುವ ಆಸೆ ಹುಟ್ಟಿದಾಗ ಕೆಲಸ ಮಾಡುವ ಜಾಗ ಅದು. ಅದು ಹೆಚ್ಚು ಚುರುಕಾದವರು ದಂಡ ಹಾಕಲು ತಮ್ಮ ಕೈಯಿಂದಲೂ ಜಾಸ್ತಿ ಹಣ ಬಿಡಲು ತಯಾರಿದ್ದರು.

ಸೇಡು ಸಿಹಿ ಅನ್ನುವುದಕ್ಕೆ ಇದನ್ನೇ ಸಾಕ್ಷಿ ಮಾಡಿ ಹೇಳುವವರಿದ್ದಾರೆ. ಆದರೆ ಆ ಸ್ಕ್ಯಾನ್ ಆಗಿದ್ದು ಯೋಚಿಸುವಾಗ. ದಂಡ ಹಾಕಿ ಮನೆಗೆ ಹೋದ ಮೇಲಲ್ಲ.

ಆಮೇಲಿನ ಕಥೆಯನ್ನು ಕೆವಿನ್ ಕಾರ್ಲ್‌ಸ್ಮಿತ್, ಟಿಮೊಥಿ ವಿಲ್ಸನ್, ಡೇನಿಯಲ್ ಗಿಲ್ಬರ್ಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 2008ರಲ್ಲಿ ಹೇಳಿದರು. ಇಲ್ಲೂ ಮೋಸದ ಆಟವೇ. ಕೆಲವರಿಗೆ ಮೋಸಗಾರನನ್ನು ಶಿಕ್ಷಿಸಲು ಬಿಟ್ಟರು, ಉಳಿದವರಿಗೆ ಆ ಅವಕಾಶವನ್ನೇ ಕೊಡಲಿಲ್ಲ. ಶಿಕ್ಷಿಸಿದರೆ ಸಮಾಧಾನವಾಗುತ್ತದೆ ಎಂದೇ ಜನ ಊಹಿಸಿದ್ದರು. ಆಗಿದ್ದು ತಿರುಗುಮುರುಗು. ಹತ್ತು ನಿಮಿಷ ಕಳೆದ ಮೇಲೆ ವಿಚಾರಿಸಿದಾಗ, ಶಿಕ್ಷಿಸಿದವರ ಮನಸ್ಸೇ ಜಾಸ್ತಿ ಕೆಟ್ಟಿತ್ತು. ಅವರು ಆ ಮೋಸಗಾರನ ಬಗ್ಗೆ ಇನ್ನೂ ಮೆಲುಕು ಹಾಕುತ್ತಿದ್ದರು. ಅವಕಾಶ ಸಿಗದವರು ‘ಹೋಗಲಿ ಬಿಡು’ ಎಂದು ಮುಂದೆ ಹೋಗಿದ್ದರು.

ಇದನ್ನು ಓದಿದ ಮೇಲೆ ನನಗೆ ಈ ಸಿನಿಮಾಗಳ ತರಬೇತಿ ದೃಶ್ಯಗಳು ಬೇರೆಯಾಗಿ ಕಾಣತೊಡಗಿದವು. ವರ್ಷಗಟ್ಟಲೆ ಗುರಿ ಹಿಡಿಯುವುದು, ಮರದ ಹಲಗೆಗೆ ಗುದ್ದಿ ಗುದ್ದಿ ಕೈ ರಕ್ತ ಮಾಡಿಕೊಳ್ಳುವುದು. ನೋಡಲು ರೋಮಾಂಚನ. ಆದರೆ ಒಂದೊಂದು ಗುದ್ದಿಗೂ ಅದೇ ಮುಖ, ಅದೇ ರಾತ್ರಿ ಮತ್ತೆ ಕಣ್ಣ ಮುಂದೆ ಬರಬೇಕು. ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನೇ ನೆನೆಯುತ್ತಾ ಪಂಚಿಂಗ್ ಬ್ಯಾಗಿಗೆ ಗುದ್ದಿದವರೇ ಎಲ್ಲರಿಗಿಂತ ಹೆಚ್ಚು ಸಿಟ್ಟಿನಲ್ಲಿದ್ದರು. ಸುಮ್ನೆ ಕೂತವರ ಸಿಟ್ಟು ಅವರಿಗಿಂತ ಕಡಿಮೆಯಿತ್ತು. ಗಾಯ ಮಾಯಲು ಬಿಟ್ಟರೆ ಗುರಿಯೂ ಕೈತಪ್ಪುತ್ತದೆ. ಅದಕ್ಕೇ ಹಂತಕಿ ಅದನ್ನು ಕೆದಕುತ್ತಲೇ ಇರುತ್ತಾಳೆ.

ಇನ್ನೊಂದು ವಿಷಯ. ಕೊಲ್ಲುವ ಮುಂಚೆ ‘ನಾನು ಯಾರು ಗೊತ್ತಾ?’ ಎಂದು ಯಾಕೆ ಕೇಳುತ್ತಾರೆ? ಹಿಂದಿನಿಂದ ಗುಂಡು ಹೊಡೆದರೆ ಕೆಲಸ ಮುಗಿಯಿತಲ್ಲ. ಜರ್ಮನಿಯ ಮನಶ್ಶಾಸ್ತ್ರಜ್ಞ ಮಾರಿಯೊ ಗೋಲ್‌ವಿಟ್ಸರ್ ಮತ್ತು ಜೊತೆಗಾರರ ಪ್ರಯೋಗಗಳಲ್ಲಿ ಇದಕ್ಕೊಂದು ಉತ್ತರವಿದೆ. ಎದುರಿನವರು ನೋವು ತಿಂದರೆ ಅಷ್ಟಕ್ಕೇ ತೃಪ್ತಿ ಸಿಗುವುದಿಲ್ಲ. ‘ನಾನು ಮಾಡಿದ್ದಕ್ಕೇ ಇದು’ ಎಂದು ಅವರಿಗೆ ಅರ್ಥವಾದಾಗ ಸ್ವಲ್ಪ ಸಮಾಧಾನ. ಅಂದರೆ ನಮಗೆ ಬೇಕಾಗಿರುವುದು ರಕ್ತಕ್ಕಿಂತ ಹೆಚ್ಚಾಗಿ ಒಂದು ಒಪ್ಪಿಗೆ. ಸತ್ತವನು ಏನನ್ನು ಒಪ್ಪಿಕೊಂಡಾನು? ‘ಕೊಲಂಬಿಯಾನಾ’ (2011) ಸಿನಿಮಾದ ನಾಯಕಿ ತಾನು ಕೊಂದವರ ಮೇಲೆ ಒಂದು ಆರ್ಕಿಡ್ ಹೂ ಬರೆಯುತ್ತಾಳೆ. ಹುಡುಗಿಯಾಗಿದ್ದಾಗ ಅಪ್ಪ ಅಮ್ಮನನ್ನು ಕೊಲ್ಲಿಸಿದವನಿಗೆ ಅದು ಅವಳ ಪತ್ರ. ಆ ಗುರುತೇ ಶತ್ರುಗಳಿಗೆ ದಾರಿ ತೋರಿಸುತ್ತದೆ. ಅವಳನ್ನು ಸಾಕಿದ ಮನೆಯವರೇ ಬಲಿಯಾಗುತ್ತಾರೆ.

ಕೊಲ್ಲುವುದಕ್ಕೂ ಅದರದೇ ಬೆಲೆಯಿದೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರ ಅಧ್ಯಯನಗಳಲ್ಲಿ, ಕೊಂದವರಲ್ಲಿ ಆಘಾತದ ಲಕ್ಷಣಗಳು ಕೊಲ್ಲದವರಿಗಿಂತ ಹೆಚ್ಚಾಗಿ ಕಂಡಿವೆ. ರೇಚಲ್ ಮ್ಯಾಕ್‌ನೇರ್ ಎಂಬ ಮನಶ್ಶಾಸ್ತ್ರಜ್ಞೆ ಇದಕ್ಕೆ ಹೆಸರನ್ನೇ ಕೊಟ್ಟರು: ತಾನೇ ಮಾಡಿದ ಹಿಂಸೆಯಿಂದ ತನಗೇ ಆಗುವ ಆಘಾತ. ಹೊಡೆತ ತಿಂದವರಿಗೆ ಬರುವ ಕೆಟ್ಟ ಕನಸೇ ಹೊಡೆದವರಿಗೂ ಬರಬಹುದು. ‘ಲೇಡಿ ವೆಂಜನ್ಸ್’ (2005) ಎಂಬ ಕೊರಿಯನ್ ಸಿನಿಮಾ ಇದನ್ನು ಮಾತಿಲ್ಲದೆ ತೋರಿಸುತ್ತದೆ. ಅದರ ನಾಯಕಿ ವೃತ್ತಿಯಿಂದ ಹಂತಕಿಯಲ್ಲ, ಜೈಲಿನಲ್ಲಿ 13 ವರ್ಷ ಕೂತು ಸೇಡು ಹೆಣೆದವಳು. ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರೆಲ್ಲ ಸೇರಿ ಕೊಲೆಗಾರನನ್ನು ಮುಗಿಸುತ್ತಾರೆ. ಆಮೇಲೆ ಒಟ್ಟಿಗೆ ಕೂತು ಕೇಕ್ ತಿನ್ನುತ್ತಾರೆ. ಆ ಮೌನವನ್ನು ನೋಡಬೇಕು.

ಹೆಂಗಸರ ಸೇಡು ಬೇರೆಯಾ? ಮಿದುಳು ವಿಜ್ಞಾನಿ ಟಾನಿಯಾ ಸಿಂಗರ್ ತಂಡ ಲಂಡನ್ನಿನಲ್ಲಿ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೋಸಗಾರನಿಗೆ ನೋವಾದಾಗ ಗಂಡಸರ ಮಿದುಳಿನಲ್ಲಿ ಮರುಕದ ಗುರುತು ಬಹಳ ಕಡಿಮೆಯಾಯಿತು. ಹೆಂಗಸರಲ್ಲಿ ಅಷ್ಟು ಕಡಿಮೆಯಾಗಲಿಲ್ಲ. ಆದರೆ ಅದು 32 ಜನರ ಪುಟ್ಟ ಪ್ರಯೋಗ. ಹೆಣ್ಣು ಮೆದು, ಗಂಡು ಗಡುಸು ಅಂತ ಅದರಿಂದ ಹೇಳಲಾಗದು. ನನ್ನ ಪ್ರಕಾರ ವ್ಯತ್ಯಾಸವಿರುವುದು ಕಥೆ ಹೇಳುವುದರಲ್ಲಿ. ಗಂಡು ನಾಯಕ ಎಲ್ಲರನ್ನೂ ಮುಗಿಸಿ ಬೆನ್ನು ತಿರುಗಿಸಿ ನಡೆದುಬಿಡುತ್ತಾನೆ. ಹಂತಕಿಯ ಕಥೆಯಲ್ಲಿ ಮಾತ್ರ ನಿರ್ದೇಶಕರು ಸ್ವಲ್ಪ ಹೊತ್ತು ನಿಂತು ಅವಳ ಕಣ್ಣು ನೋಡುತ್ತಾರೆ.

1973ರ ಜಪಾನಿ ಸಿನಿಮಾ ‘ಲೇಡಿ ಸ್ನೋಬ್ಲಡ್’ ಅನ್ನು ನಾನು ಮರೆಯಲಾರೆ. ನಾಯಕಿ ಯೂಕಿ ಹುಟ್ಟುವುದೇ ಜೈಲಿನಲ್ಲಿ. ತನ್ನ ಸೇಡಿಗೆಂದೇ ತಾಯಿ ಅವಳನ್ನು ಹೆತ್ತಿದ್ದಾಳೆ. ಅನ್ಯಾಯ ನಡೆದಾಗ ಯೂಕಿ ಹುಟ್ಟಿರಲೇ ಇಲ್ಲ, ಆದರೂ ಆ ಸಿಟ್ಟು ಅವಳದ್ದಾಗಬೇಕು. ತಾಯಿಯ ಶತ್ರುಗಳಲ್ಲಿ ಉಳಿದವರನ್ನು ಅವಳು ಒಬ್ಬೊಬ್ಬರಾಗಿ ಹುಡುಕಿಕೊಂಡು ಹೋಗುತ್ತಾಳೆ. ಕೊನೆಯಲ್ಲಿ ಹಿಮದ ಮೇಲೆ ಗಾಯದಿಂದ ತೂರಾಡುತ್ತಾ ಬರುವಾಗ ಒಬ್ಬ ಹುಡುಗಿ ಓಡಿಬಂದು ಚುಚ್ಚುತ್ತಾಳೆ. ಯೂಕಿ ಕೊಂದವರಲ್ಲಿ ಒಬ್ಬನ ಮಗಳು ಅವಳು.